ಪೆಂಡಲ್ ಸಾಹೇಬರ ಮೌನಕ್ಕೆ ನಾನು ಬಾಯಿ ಹಾಕಿದ್ದು

ಎದುರಿನವರ ಮಾತು ಅರ್ಧಕ್ಕೆ ನಿಂತರೆ ಉಳಿದರ್ಧವನ್ನು ನಾನು ಪೂರ್ತಿ ಮಾಡಿಬಿಡುತ್ತೇನೆ. ಇದು ಪರೋಪಕಾರವೆಂದೇ ಬಹಳ ವರ್ಷ ನಂಬಿದ್ದೆ. ಬ್ಯಾಂಕಿನ ಕಿಟಕಿಯಲ್ಲಿ ಯಾರಾದರೂ “ನನಗೊಂದು...” ಎಂದು ತಡವರಿಸಿದರೆ ಹಿಂದೆ ನಿಂತ ನಾನು “ಡಿಮ್ಯಾಂಡ್ ಡ್ರಾಫ್ಟ್” ಎನ್ನುತ್ತೇನೆ. ಅವರಿಗೆ ಬೇಕಾದದ್ದು ಪೆನ್ನು ಇರಬಹುದು, ಆದರೆ ಸಾಲು ಮುಂದೆ ಸರಿಯಬೇಕಲ್ಲ. ಒಮ್ಮೆ ನಮ್ಮ ಬೀಗರು “ಕಾಕಾ ಮೊನ್ನೆ...” ಎಂದು ಗಂಟಲು ಕಟ್ಟಿ ನಿಂತಾಗ ನಾನು “ತೀರಿಕೊಂಡರು” ಎಂದು ಮುಗಿಸಿದ್ದೆ. ಕಾಕಾ ಕಾಶಿಗೆ ಹೊರಟಿದ್ದರಷ್ಟೆ. ಹಿಂತಿರುಗಿ ಬಂದವರು ನನ್ನನ್ನು ಕಂಡಾಗಲೆಲ್ಲ ತಾವು ಉಸಿರಾಡುತ್ತಿರುವುದನ್ನು ಜೋರಾಗಿ ತೋರಿಸಿಕೊಳ್ಳುತ್ತಿದ್ದರು. ನನ್ನ ಹೆಂಡತಿ ಕಮಲಾ ಹೇಳುವ ಪ್ರಕಾರ ನನ್ನೊಡನೆ ಜಗಳವಾಡುವುದೂ ಸುಲಭವಲ್ಲ. “ಬೈಗುಳಾನೂ ನೀವ ಮುಗಿಸಿಬಿಡ್ತೀರಿ. ಬೈದ ಸಮಾಧಾನ ನಮಗ ಎಲ್ಲಿಂದ ಬರಬೇಕ್ರಿ?”

ಈ ಚಟದ ಮೂಲ ನನ್ನ ಕಸುಬಿನಲ್ಲಿದೆ. ನಾನು ಗದಗಿನ ಶಾಲೆಯೊಂದರಲ್ಲಿ ಡ್ರಿಲ್ ಮಾಸ್ತರನಾಗಿದ್ದೆ. ಓದಿ ಬೆಳೆದದ್ದು ಮಠದ ಪ್ರಸಾದ ನಿಲಯದಲ್ಲಿ. ಅಲ್ಲಿ ಏಳುವುದಕ್ಕೆ ಗಂಟೆ, ಉಣ್ಣುವುದಕ್ಕೆ ಗಂಟೆ, ಗಂಟೆ ಬಾರಿಸುವವನನ್ನು ಎಬ್ಬಿಸುವುದಕ್ಕೂ ಒಂದು ಗಂಟೆ. ಮೈದಾನದಲ್ಲಿ ಮಾಸ್ತರ್ ಕ್ಷಣ ಸುಮ್ಮನಾದರೆ ಹುಡುಗರ ಸಾಲು ಡೊಂಕಾಗುತ್ತದೆ. ಆದ್ದರಿಂದ ಮೌನವೆಂದರೆ ಯಾರೋ ಕೆಲಸ ತಪ್ಪಿಸುತ್ತಿದ್ದಾರೆ ಎಂದೇ ನನ್ನ ಭಾವನೆ.

ಇಂಥ ನಾನು ಮಗಳು ಶೈಲಾಳ ಮನೆಗೆಂದು ಕಮಲಾಳೊಂದಿಗೆ ಹೈಡೆಲ್‌ಬರ್ಗಿಗೆ ಹೋದದ್ದು ಗ್ರೀನ್ ಕಾರ್ಡಿನ ವರ್ಷಗಳಲ್ಲಿ. ಅಮೆರಿಕದ್ದಲ್ಲ. ಆಗ ಜರ್ಮನಿಯೂ ಕಂಪ್ಯೂಟರ್ ಬಲ್ಲವರನ್ನು ಆ ಹೆಸರಿನಿಂದ ಕರೆಸಿಕೊಳ್ಳುತ್ತಿತ್ತು. ಮಗಳ ಗ್ರೀನ್ ಕಾರ್ಡನ್ನು ತರಿಸಿ ನೋಡಿದೆ. ಅದು ಹಸಿರೂ ಆಗಿರಲಿಲ್ಲ, ಕಾರ್ಡೂ ಆಗಿರಲಿಲ್ಲ. ಪಾಸ್‌ಪೋರ್ಟಿಗೆ ಅಂಟಿಸಿದ ಒಂದು ಚೀಟಿ. ಆದರೆ ಅವಳ ಮನೆಯಿದ್ದ ಕಟ್ಟಡದ ಕೆಳಬಾಗಿಲಿನ ಪಕ್ಕ ಗಾಜಿನ ಚೌಕಟ್ಟಿನಲ್ಲಿ ತೂಗುಹಾಕಿದ್ದ ಹೌಸ್‌ಓರ್ಡ್‌ನುಂಗ್ ಎಂಬ ನಿಯಮಾವಳಿ ನನ್ನ ಮನಸ್ಸು ಗೆದ್ದಿತು. ಮೆಟ್ಟಿಲು ಯಾವ ವಾರ ಯಾರು ಒರೆಸಬೇಕು, ಸೈಕಲ್ ಯಾವ ಗೋಡೆಗೆ ಒರಗಿಸಬೇಕು, ಮಧ್ಯಾಹ್ನ ಒಂದರಿಂದ ಮೂರರವರೆಗೆ ಯಾರೂ ಸದ್ದು ಮಾಡಕೂಡದು. ಶೈಲಾಳಿಂದ ಅದನ್ನು ಪೂರ್ತಿ ಓದಿಸಿಕೊಂಡೆ. “ಅಪ್ಪಾ, ಇದನ್ನ ಇಲ್ಲಿಯವರೂ ಇಷ್ಟು ಭಕ್ತಿಯಿಂದ ಕೇಳಂಗಿಲ್ಲ” ಎಂದಳು ಅವಳು. ಇಂಥ ದೇಶದಲ್ಲಿ ಹುಟ್ಟಬೇಕಾದವನು ತಪ್ಪಿ ಗದಗ ಜಿಲ್ಲೆಯಲ್ಲಿ ಹುಟ್ಟಿದೆನಲ್ಲ ಎಂದು ನನಗೆ ಒಂದು ವಾರ ಬೇಸರವಾಗಿತ್ತು.

ಎರಡನೆಯ ವಾರ ಈ ನಿಯಮ ಮುರಿಯಿತು. ಮಧ್ಯಾಹ್ನದ ಮೌನದ ಹೊತ್ತಿನಲ್ಲೇ ಮೇಲಿನ ಮನೆಯಲ್ಲಿ ಒಬ್ಬ ಗಂಡಸು ಇಂಗ್ಲಿಷಿನಲ್ಲಿ ಗರ್ಜಿಸತೊಡಗಿದ. ಸೈನ್ಯವನ್ನು ಹುರಿದುಂಬಿಸಿದ, ಮಗನನ್ನು ಶಪಿಸಿದ, ಯಾರದೋ ಹೆಣದ ಮೇಲೆ ಬಿದ್ದು ಅತ್ತ. “ನಿಮಗ್ಯಾಕ್ರಿ ಊರ ಉಸಾಬರಿ” ಎಂದು ಕಮಲಾ ತಡೆದರೂ ನಾನು ಕೋಟು ಹಾಕಿಕೊಂಡು ಮೇಲೆ ಹೋಗಿ ಗಂಟೆ ಒತ್ತಿದೆ. ಬಾಗಿಲು ತೆಗೆದವರು ನನ್ನಷ್ಟೇ ವಯಸ್ಸಾದ, ನನಗಿಂತ ಒಂದು ಗೇಣು ಎತ್ತರದ ಬ್ರಿಟಿಷ್ ಮನುಷ್ಯ. ಡ್ರೆಸಿಂಗ್ ಗೌನು, ತಲೆಯ ಮೇಲೆ ಕಿರೀಟ. ನಾನು ನಿಯಮದ ವಿಷಯ ಹೇಳಿದೆ. ಅವರು ತಲೆಬಾಗಿ ಕೇಳಿ, ತಪ್ಪಾಯಿತೆಂದರು. ಆಮೇಲೆ ವಿನಯದಿಂದ, ಇದೇ ಹೊತ್ತಿನಲ್ಲಿ ನಮ್ಮ ಮನೆಯಿಂದ ಡೋಲಿನ ಸದ್ದು ಬರುತ್ತದೆಂದೂ, ಆ ತಾಳಕ್ಕೆ ತಮ್ಮ ಯುದ್ಧದ ಭಾಷಣ ಬಹಳ ಚೆನ್ನಾಗಿ ಹೊಂದುತ್ತಿರುವುದರಿಂದ ದಯವಿಟ್ಟು ನಿಲ್ಲಿಸಬಾರದೆಂದೂ ಕೇಳಿಕೊಂಡರು. ಅದು ಕಮಲಾ ಜೋಳದ ರೊಟ್ಟಿ ಬಡಿಯುವ ಸದ್ದು. ನಿಯಮ ಮುರಿದವರು ಕೆಳಗಿನ ಮನೆಯಲ್ಲೂ ಇದ್ದರು. ನಾನು ಒಳಗೆ ಹೋಗಿ ಕುಳಿತೆ.

ಅವರ ಹೆಸರು ಪೆಂಡಲ್. ಐವತ್ತು ವರ್ಷ ಇಂಗ್ಲೆಂಡಿನ ರಂಗಭೂಮಿಯಲ್ಲಿ ಹಳೆಯ ಪದ್ಯನಾಟಕಗಳನ್ನು ಆಡಿದವರು. ತೀರಿಕೊಂಡ ಹೆಂಡತಿ ಹೈಡೆಲ್‌ಬರ್ಗಿನವರು. ಆ ಮನೆ ಅವರದು. ಪೆಂಡಲ್ ಸಾಹೇಬರ ಮೊದಲ ಪಾತ್ರ ಭರ್ಜಿ ಹಿಡಿದು ಹಿಂದಿನ ಸಾಲಿನಲ್ಲಿ ನಿಲ್ಲುವುದು. ಒಂದು ಮಾತಿಲ್ಲ, ಪರದೆ ಬೀಳುವ ತನಕ ಅಲುಗಾಡದೆ ನಿಂತಿರಬೇಕು. ಅವರ ಇಡೀ ಬದುಕಿನಲ್ಲಿ ನಾನು ಅತ್ಯಂತ ಗೌರವಿಸುವ ಪಾತ್ರ ಅದೇ. ಅಲ್ಲಿಂದ ದೂತನಾದರು, ರಾಜಕುಮಾರನಾದರು, ರಾಜನಾದರು, ಕೂದಲು ಬೆಳ್ಳಗಾದ ಮೇಲೆ ರಾಜನ ಅಪ್ಪನಾದರು. ತರುಣರಾಗಿದ್ದಾಗ ಸಣ್ಣ ಊರುಗಳ ಕಂಪನಿಯಲ್ಲಿ ವಾರಕ್ಕೊಂದು ನಾಟಕ: ರಾತ್ರಿ ಒಂದನ್ನು ಆಡುವುದು, ಹಗಲು ಮುಂದಿನ ವಾರದ್ದನ್ನು ಬಾಯಿಪಾಠ ಮಾಡುವುದು. ಒಮ್ಮೆ ಎರಡೂ ಕಲಸಿಹೋಗಿ, ವಿಷ ಕುಡಿದು ಸಾಯಬೇಕಾದವರು ಮುಂದಿನ ವಾರದ ಮದುವೆಗೆ ಒಪ್ಪಿಗೆ ಕೊಟ್ಟು ಸತ್ತರಂತೆ. ಕತ್ತಿಯಿಂದ, ವಿಷದಿಂದ, ಎದೆ ಒಡೆದು, ಎಲ್ಲ ರೀತಿಯಲ್ಲೂ ಅವರು ಸತ್ತಿದ್ದರು. ಬಾಡಿಗೆ ಕೋಣೆಗಳ ಚಳಿಯಲ್ಲಿ ನಿಜವಾಗಿ ಸಾಯುವ ಹಾಗಾದಾಗ ಮಾತ್ರ ಯಾರೂ ಚಪ್ಪಾಳೆ ತಟ್ಟಲಿಲ್ಲ ಎಂದು ಅವರ ದೂರು. ಇಷ್ಟು ವರ್ಷದಲ್ಲಿ ಒಂದು ಸಲವೂ ನಾಟಕಶಾಲೆಗೆ ತಡವಾಗಿ ಹೋದವರಲ್ಲ. ಪರದೆ ಏಳುವುದಕ್ಕೆ ಬಹಳ ಮೊದಲೇ ಹೋಗಿ, ನೆಲದ ಮೇಲೆ ಅಂಗಾತ ಮಲಗಿ, ಜೇನು ಹಾಕಿದ ಬಿಸಿನೀರು ಕುಡಿದು, ಬಲಗಾಲಿನ ಬೂಟನ್ನೇ ಮೊದಲು ಹಾಕುವುದು ಅವರ ಶಿಸ್ತು. ಕೇಳಿ ನನ್ನ ಕಣ್ಣು ತುಂಬಿ ಬಂತು. ಕಿರೀಟ ಹಾಕಿಕೊಂಡಿದ್ದರೂ ಆತ ನಮ್ಮ ಪ್ರಸಾದ ನಿಲಯದ ಹುಡುಗನೇ.

ಅವರಿಗೆ ಒಂದು ಸಂಕಟವಿತ್ತು. ಕೊನೆಯ ಸಲ ಲಂಡನ್ನಿನಲ್ಲಿ ಆಡುವಾಗ ನಡು ವೇದಿಕೆಯಲ್ಲಿ ಮಾತು ಸಂಪೂರ್ಣ ಮರೆತುಹೋಗಿ, ಪರದೆ ಎಳೆದು, ಯಾರೋ ತೋಳು ಹಿಡಿದು ಒಳಗೆ ಕರೆದೊಯ್ದರಂತೆ. ಅದಾದ ಮೇಲೆ ಅವರನ್ನು ಯಾರೂ ಕರೆಯಲಿಲ್ಲ, ಅವರೂ ಹೋಗಲಿಲ್ಲ. ಈಗ ಇಲ್ಲಿಯ ವಿಶ್ವವಿದ್ಯಾಲಯದ ಇಂಗ್ಲಿಷ್ ವಿಭಾಗದವರು ತಮ್ಮ ಸಣ್ಣ ಸಭಾಂಗಣದಲ್ಲಿ ಒಂದು ಸಂಜೆ ಕೊಟ್ಟಿದ್ದರು. ತಾವು ಆಡಿದ ರಾಜರ ಮಾತುಗಳನ್ನೆಲ್ಲ ಪೋಣಿಸಿ, ಕೊನೆಗೆ ತಾವೇ ಬರೆದ ನಾಲ್ಕು ಮಾತು ಸೇರಿಸಿ, ಒಬ್ಬರೇ ಆಡಬೇಕೆಂದಿದ್ದರು. “ವೇದಿಕೆಯಿಂದ ನನ್ನ ಕಾಲ ಮೇಲೆ ನಾನೇ ಇಳಿದು ಹೋಗಬೇಕು ಮಾಸ್ತರ್. ಇನ್ನೊಬ್ಬರು ಇಳಿಸಿದ್ದೇ ಕೊನೆ ಆಗಬಾರದು. ನನಗೆ ಬೇರೇನೂ ಬೇಡ” ಎಂದರು. ಪುಸ್ತಕ ಹಿಡಿದು ಕುಳಿತು, ಮರೆತಲ್ಲಿ ಎತ್ತಿಕೊಡುವ ಒಬ್ಬ ಶಿಸ್ತಿನ ಮನುಷ್ಯ ಬೇಕಾಗಿತ್ತು. ಅವರು ಮಾತು ಮುಗಿಸುವ ಮೊದಲೇ ನಾನು ಒಪ್ಪಿಕೊಂಡಿದ್ದೆ.

ಏಕೆಂದರೆ ಆ ಕೆಲಸದಲ್ಲಿ ನಾನು ಪಳಗಿದವನು. ನಮ್ಮ ಶಾಲೆಯ ಮಾಸ್ತರರು ವರ್ಷಕ್ಕೊಂದು ನಾಟಕ ಆಡುತ್ತಿದ್ದರು, ಪ್ರಾಂಪ್ಟರ್ ಯಾವಾಗಲೂ ನಾನೇ. ಬಾಯಿಪಾಠ ಮಾಡುವ ದುರಭ್ಯಾಸ ನಮ್ಮ ನಟರಿಗೆ ಇರಲಿಲ್ಲ. ಸೈಡ್‌ವಿಂಗಿನಿಂದ ನಾನು ಒಂದೊಂದು ಸಾಲು ಎಸೆಯಬೇಕು, ಅವರು ಹಿಡಿದು ಸಭಿಕರಿಗೆ ದಾಟಿಸಬೇಕು. ಕಿವಿ ಮಂದವಿದ್ದ ಗಣಿತದ ಮಾಸ್ತರರು ರಾಜನ ಪಾತ್ರ ಮಾಡಿದ ವರ್ಷ ಜನ ಪ್ರತಿ ಮಾತನ್ನೂ ಎರಡು ಸಲ ಕೇಳಿ, ಕೊಟ್ಟ ದುಡ್ಡಿಗೆ ಮೋಸವಿಲ್ಲ ಎಂದುಕೊಂಡು ಹೋದರು. ನಮ್ಮಲ್ಲಿ ವೇದಿಕೆ ಸುಮ್ಮನಾಯಿತೆಂದರೆ ಒಂದೇ ಅರ್ಥ, ನಟ ಮರೆತಿದ್ದಾನೆ. ಮರುಕ್ಷಣವೇ ಸಿಳ್ಳೆ ಏಳುತ್ತದೆ. ಮೌನ ಬೀಳದಂತೆ ನೋಡಿಕೊಳ್ಳುವುದೇ ಪ್ರಾಂಪ್ಟರನ ಮರ್ಯಾದೆ.

ಪೆಂಡಲ್ ಸಾಹೇಬರ ತಾಲೀಮು ಮಾತ್ರ ವಿಚಿತ್ರ. ದಿನಾ ಸಂಜೆ ನಾನು ಪುಸ್ತಕ ಹಿಡಿದು ಕೂರುತ್ತಿದ್ದೆ. ಅವರು ತಟ್ಟೆ ತೊಳೆಯುತ್ತ, ಕಾಲುಚೀಲ ಮಡಚುತ್ತ, ರೈಲು ನಿಲ್ದಾಣದ ಪ್ರಕಟಣೆಯ ಧಾಟಿಯಲ್ಲಿ ಅಷ್ಟೂ ರಾಜರನ್ನು ಗಡಗಡನೆ ಹೇಳಿ ಮುಗಿಸುತ್ತಿದ್ದರು. ಉಸಿರಿಗೂ ನಿಲ್ಲುತ್ತಿರಲಿಲ್ಲ. ಗರ್ಜನೆಯೆಲ್ಲ ಬೇಡವೇ ಎಂದರೆ, ಅದು ಜನರಿಗೆ, ಇದು ನಾಲಗೆಗೆ ಎಂದರು. ಹಳೆಯ ರಾಜರು ಒಂದಕ್ಷರ ತಪ್ಪುತ್ತಿರಲಿಲ್ಲ. ಕೊನೆಗೆ ತಾವೇ ಬರೆದ ಮಾತುಗಳಲ್ಲಿ ಮಾತ್ರ ಒಮ್ಮೊಮ್ಮೆ ಎಡವುತ್ತಿದ್ದರು. ನಾನು ತಕ್ಷಣ ಎತ್ತಿಕೊಡುತ್ತಿದ್ದೆ. ನಮ್ಮ ಜೋಡಿ ಚೆನ್ನಾಗಿ ಕೂಡಿತು ಎಂದುಕೊಂಡಿದ್ದೆ.

ಆ ಸಂಜೆ ಸಭಾಂಗಣ ತುಂಬಿತ್ತು. ಪ್ರಾಧ್ಯಾಪಕರು, ವಿದ್ಯಾರ್ಥಿಗಳು, ಮುತ್ತಿನ ಸರ ಹಾಕಿದ ಅಜ್ಜಿಯರು. ಬಾಗಿಲ ಬಳಿ ಕಟ್ಟಡ ನೋಡಿಕೊಳ್ಳುವ ಹೌಸ್‌ಮೈಸ್ಟರ್ ನೆಟ್ಟಗೆ ನಿಂತಿದ್ದ. ಅವನ ನಿಲುವು ನೋಡಿ ನನಗೆ ಬಹಳ ಸಂತೋಷವಾಯಿತು. ಸೈಡ್‌ವಿಂಗ್ ಇಲ್ಲದ್ದರಿಂದ ನನಗೆ ಮುಂದಿನ ಸಾಲಿನ ನಡುವಿನ ಕುರ್ಚಿ. ಒಂದು ಪಕ್ಕ ಕಮಲಾ, ಇನ್ನೊಂದು ಪಕ್ಕ ಶೈಲಾ. ಸಾಹೇಬರು ಕಿರೀಟ ಧರಿಸಿ ಬಂದರು. ತಟ್ಟೆ ತೊಳೆಯುವ ಮನುಷ್ಯ ಎಲ್ಲಿ ಹೋದನೋ ತಿಳಿಯಲಿಲ್ಲ. ಅಲ್ಲಿ ಬಂದು ನಿಂತವನು ರಾಜನೇ. ಮೊದಲ ಭಾಗದ ಕೊನೆಗೆ, ಶತ್ರುಗಳು ಮುತ್ತಿದ ಕೋಟೆಯೊಳಗೆ ಸೋತ ರಾಜ ಬಾಗಿಲು ತೆಗೆಯಲು ಅಪ್ಪಣೆ ಕೊಡುವ ಸನ್ನಿವೇಶ. ಸಾಹೇಬರು ಕೈ ಎತ್ತಿದರು. ಬಾಯಿ ತೆರೆದರು. ಮಾತು ಬರಲಿಲ್ಲ. ಸಭೆ ಉಸಿರು ಬಿಗಿಹಿಡಿಯಿತು. ಲಂಡನ್ನಿನ ಗತಿಯೇ ಆಯಿತಲ್ಲ ಎಂದುಕೊಂಡೆ. ಎಷ್ಟೋ ವರ್ಷ ಮೈದಾನದ ಆಚೆ ತುದಿಗೆ ಮುಟ್ಟಿಸಿದ ಗಂಟಲಿನಲ್ಲಿ, ಇಂಗ್ಲಿಷಿನಲ್ಲಿ, “ಕೋಟೆಯ ಬಾಗಿಲು ತೆರೆಯಿರಿ” ಎಂದೆ.

ಹೌಸ್‌ಮೈಸ್ಟರ್ ಹಿಮ್ಮಡಿ ಜೋಡಿಸಿ ಬಾಗಿಲು ತೆರೆದ. ಫೆಬ್ರವರಿಯ ಗಾಳಿ ಒಳಗೆ ಬಂದು ಅಜ್ಜಿಯರ ಶಾಲುಗಳನ್ನು ಎತ್ತಿತು. ಸಭೆ ಬಿದ್ದು ಬಿದ್ದು ನಕ್ಕಿತು. ಸಾಹೇಬರು ನನ್ನನ್ನು ನೋಡಿದರು, ಬಾಗಿಲನ್ನು ನೋಡಿದರು, ನಗು ಇಳಿಯುವ ತನಕ ಕಾದರು. ಆಮೇಲೆ, “ನನ್ನ ಮಂತ್ರಿ ಅವಸರದವನು” ಎಂದು ಗಂಭೀರವಾಗಿ ಹೇಳಿ ಮುಂದೆ ಸಾಗಿದರು.

ವಿರಾಮದಲ್ಲಿ ನನ್ನನ್ನು ಒಳಗೆ ಕರೆಸಿದರು. ಬೈಯಲಿಲ್ಲ. ಆ ಮೌನವನ್ನು ಅವರು ಮೂವತ್ತರ ಹರೆಯದಿಂದ ಸಾಕಿಕೊಂಡು ಬಂದಿದ್ದರಂತೆ. ಜನ ಅದನ್ನು ನೋಡಲೆಂದೇ ರೈಲು ಹತ್ತಿ ಬರುತ್ತಿದ್ದರಂತೆ. “ನಾನು ಅಲ್ಲಿ ಮರೆತಿರಲಿಲ್ಲ ಮಾಸ್ತರ್. ಅಲ್ಲಿಯೇ ಆಡುತ್ತಿದ್ದೆ. ಇನ್ನು ಮುಂದೆ ಏನಾದರೂ ಆಗಲಿ, ನೀವು ಬಾಯಿ ತೆರೆಯಬಾರದು.” ಆಜ್ಞೆ ಎಂದರೆ ಆಜ್ಞೆ. ನಾನು ಅಟೆನ್ಷನ್ನಿನಲ್ಲಿ ನಿಂತು ಒಪ್ಪಿ ಬಂದೆ. ಶೈಲಾ ಮುಖ ಮುಚ್ಚಿಕೊಂಡು ಕೂತಿದ್ದಳು. “ಅಪ್ಪಾ, ನನ್ನ ಆಫೀಸಿನವರು ಮೂರು ಮಂದಿ ಹಿಂದ ಕುಂತಾರ” ಎಂದಳು. ನಾನು ಸಮಾಧಾನ ಹೇಳಿದೆ: “ಗ್ರೀನ್ ಕಾರ್ಡ್ ನಿಂದೈತಿ, ನಂದಲ್ಲ. ನನ್ನ ಸಲುವಾಗಿ ಅದನ್ನೇನು ಕಸಗೊಳ್ಳಂಗಿಲ್ಲ.”

ಎರಡನೆಯ ಭಾಗದಲ್ಲಿ ನಾನು ಕಲ್ಲಾಗಿ ಕುಳಿತೆ. ಮೌನಗಳು ಒಂದಾದ ಮೇಲೊಂದು ಬಂದವು. ಒಂದಕ್ಕೂ ನಾನು ಕೈ ಹಚ್ಚಲಿಲ್ಲ. ರಾಜರೆಲ್ಲ ಮುಗಿದು ಕೊನೆಗೆ ಅವರದೇ ಮಾತು ಬಂತು. “ಇಷ್ಟು ವರ್ಷ ನಿಮ್ಮ ರಾಜನಾಗಿದ್ದೆ” ಎಂದವರು ನಿಂತರು. ಆಹಾ, ಎಂಥ ಮೌನ ಎಂದುಕೊಂಡೆ. ಇದಕ್ಕೂ ರೈಲು ಹತ್ತಿ ಬರಬಹುದು. ಕಮಲಾ ಮೊಣಕೈಯಿಂದ ತಿವಿದಳು.

“ಹೇಳ್ರಿ. ಮರತಾರ ಅವರು.”

“ಸುಮ್ನ ಕುಂದರು. ಅದು ನಟನೆ.”

“ನಟನೆ ಅಂತ ನಟನೆ. ಸಂತಿಗೆ ಹೋಗಿ ಏನ್ ತರಬೇಕಂತ ಮರತು ನಿಂತಾಗ ನಿಮ್ಮ ಮಾರಿ ಹಿಂಗ ಇರತೈತಿ. ನಲವತ್ತು ವರ್ಷ ನೋಡೇನಿ.”

ಇಂಗ್ಲಿಷಿನ ಒಂದು ಮಾತೂ ಬಾರದ ಅವಳು ಇಡೀ ಸಂಜೆ ಮುಖ ಮಾತ್ರ ನೋಡಿದ್ದಳು. ನಾನೂ ನೋಡಿದೆ. ಸಾಹೇಬರು ವೇದಿಕೆಯ ಪಕ್ಕದ ಕತ್ತಲೆಯತ್ತ ಕಣ್ಣು ಹೊರಳಿಸಿದ್ದರು, ಯಾರಾದರೂ ತೋಳು ಹಿಡಿಯಲು ಬರುತ್ತಿದ್ದಾರೋ ಎಂಬಂತೆ. ಒಂದೆಡೆ ಆಜ್ಞೆ, ಇನ್ನೊಂದೆಡೆ ಕಮಲಾ. ಪ್ರಸಾದ ನಿಲಯದಲ್ಲಿ ಇದಕ್ಕೆ ಯಾವ ಗಂಟೆಯೂ ಇರಲಿಲ್ಲ. ನಾನು ಜೀವನದಲ್ಲಿ ಮೊದಲ ಸಲ ಪಿಸುಗುಟ್ಟಲು ಪ್ರಯತ್ನಿಸಿದೆ. ಬರೀ ಗಾಳಿ ಬಂತು. ಕೊನೆಗೆ ಎದ್ದು ನಿಂತು, ಪುಸ್ತಕದಲ್ಲಿದ್ದ ಮುಂದಿನ ಮಾತನ್ನೇ ಮಂತ್ರಿಯ ಹಾಗೆ, ಮೈದಾನದ ದನಿಯಲ್ಲೇ, “ಕಿರೀಟ ಬಾಡಿಗೆಯದು, ಪ್ರಭೂ” ಎಂದೆ.

ಸಭೆ ಮತ್ತೆ ನಕ್ಕಿತು, ಅವಸರದ ಮಂತ್ರಿ ಮತ್ತೆ ಬಾಯಿ ಹಾಕಿದನೆಂದು. ಸಾಹೇಬರ ಮುಖಕ್ಕೆ ಬಣ್ಣ ಮರಳಿತು. ಅವರು ಕಿರೀಟ ತೆಗೆದು ಎರಡೂ ಕೈಯಲ್ಲಿ ಹಿಡಿದು ನೋಡಿದರು. “ಹೌದು. ಬೆಳಿಗ್ಗೆ ಅಂಗಡಿಗೆ ವಾಪಸು ಕೊಡಬೇಕು” ಎಂದರು. ನಗು ತಾನಾಗಿ ನಿಂತಿತು. ಉಳಿದ ಮಾತೆಲ್ಲ ಸರಾಗವಾಗಿ ಹೇಳಿ, ಕಿರೀಟವನ್ನು ಕುರ್ಚಿಯ ಮೇಲಿಟ್ಟು, ಮೆಟ್ಟಿಲು ಇಳಿದು, ಸಭಿಕರ ನಡುವಿನಿಂದ ನಡೆದು, ಹೌಸ್‌ಮೈಸ್ಟರ್ ತೆರೆದ ಬಾಗಿಲಿನಿಂದ ತಾವೇ ಹೊರಗೆ ಹೋದರು. ಚಪ್ಪಾಳೆ ಬಹಳ ಹೊತ್ತು ನಡೆಯಿತು. ಅವರು ತಿರುಗಿ ಬರಲಿಲ್ಲ.

ಅವರು ಮರೆತದ್ದು ಯಾರಿಗೂ ಗೊತ್ತಾಗಲಿಲ್ಲ. ಮೊದಲು ನಾನು ಕೆಡಿಸಿದ್ದರಿಂದಲೇ ಎರಡನೆಯದು ಮುಚ್ಚಿಹೋಯಿತು. ಒಬ್ಬ ಅಜ್ಜಿ ನನ್ನ ಕೈ ಕುಲುಕಿ, ಮಂತ್ರಿಯ ಪಾತ್ರ ಇನ್ನಷ್ಟು ಇರಬೇಕಿತ್ತು ಎಂದರು. ಮರುದಿನ ಸಾಹೇಬರು ಹೂಗುಚ್ಛ ಹಿಡಿದು ಕೆಳಗಿಳಿದು ಬಂದರು. ನಾನು ಬಾಗಿಲಲ್ಲಿ ಕೈ ಚಾಚಿದೆ. ಅವರು ನನ್ನನ್ನು ದಾಟಿ ಅಡುಗೆಮನೆಗೆ ಹೋಗಿ, ರೊಟ್ಟಿ ಬಡಿಯುತ್ತಿದ್ದ ಕಮಲಾಳ ಮುಂದೆ ತಲೆಬಾಗಿ ಹೂವು ಕೊಟ್ಟರು. ತಿವಿದದ್ದು ಅವರಿಗೆ ವೇದಿಕೆಯಿಂದ ಕಂಡಿತ್ತಂತೆ.

ಗದಗಿಗೆ ಮರಳಿದ ಮೇಲೆ ನಾನು ಬದಲಾದೆ. ಮೌನಕ್ಕೂ ಮೌನಕ್ಕೂ ವ್ಯತ್ಯಾಸವಿದೆ ಎಂದು ಅರಿತವನು ಈಗ ಯಾರ ಮಾತಿಗೂ ಬಾಯಿ ಹಾಕುವುದಿಲ್ಲ. ಮೊನ್ನೆ ಕಮಲಾ ಹಿತ್ತಲಿನಿಂದ, “ಏನ್ರೀ, ಒಲಿ ಮ್ಯಾಲ...” ಎಂದು ನಡುವೆ ನಿಂತಳು. ನಾನು ಪೇಪರ್ ಕೆಳಗಿಟ್ಟು, ನೆಟ್ಟಗೆ ಕುಳಿತು, ಆ ಮೌನಕ್ಕೆ ತಕ್ಕ ಗೌರವ ಕೊಟ್ಟೆ. ಅದು ಚೆನ್ನಾಗಿಯೇ ಬೆಳೆಯಿತು. ಅಷ್ಟರಲ್ಲಿ ಹಾಲು ಪಾತ್ರೆ ದಾಟಿ, ಒಲೆ ಆರಿಸಿ, ಕಟ್ಟೆಯಿಂದ ಇಳಿದು, ನನ್ನ ಚಪ್ಪಲಿಯ ತನಕ ತನ್ನ ಕಾಲ ಮೇಲೆ ತಾನೇ ನಡೆದು ಬಂತು.