ಸೆಲ್ಲು ಒಣಗಿಸಿ ಕೇಳಿಸಿದ ಹಾಡು

ಬೆಳಿಗ್ಗೆ ನಲ್ಲಿಗೆ ನೀರು ಬರುವ ಮೊದಲೇ ಎದ್ದು ಕೊಡಗಳನ್ನು ಸಾಲಾಗಿಟ್ಟೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಯಜಮಾನರ ಖಾಕಿ ಷರ್ಟಿಗೆ ಗುಂಡಿ ಹೊಲಿದೆ. ಬಸ್ಸಿನ ನೂಕುನುಗ್ಗಲಿನಲ್ಲಿ ಅವರ ಗುಂಡಿಗಳು ಆಗಾಗ ಟಿಕೆಟ್ಟಿಲ್ಲದೆ ಪರವೂರಿಗೆ ಹೊರಟುಹೋಗುತ್ತವೆ. ರಾಗಿಹಿಟ್ಟು ಜರಡಿ ಹಿಡಿದೆ. ಮೊಳಕೆ ಹುರುಳಿ ಬೇಯಲಿಟ್ಟೆ. ಮಹಡಿಗೆ ಹೋಗಿ ಸಂಡಿಗೆ ಹರವಿ, ಅದರ ಪಕ್ಕದಲ್ಲೇ ಟೇಪ್ ರೆಕಾರ್ಡರಿನ ಸೆಲ್ಲುಗಳನ್ನೂ ಬಿಸಿಲಿಗೆ ಮಲಗಿಸಿದೆ. ಆಮೇಲೆ ಕೆಳಗಿಳಿದು ಬಂದು, ಕಿಟಕಿಯ ಹತ್ತಿರ ಕುಳಿತು, ಕರೆಂಟು ಹೋಗಲಿ ಎಂದು ಕಾಯತೊಡಗಿದೆ.

ಕರೆಂಟು ಬರಲಿ ಎಂದು ಕಾಯುವವರು ಶಿಡ್ಲಘಟ್ಟದ ತುಂಬ ಇದ್ದಾರೆ. ಹೋಗಲಿ ಎಂದು ಕಾಯುವವಳು ಬಹುಶಃ ನಾನೊಬ್ಬಳೇ. ಇದನ್ನು ಊರವರ ಮುಂದೆ ಹೇಳುವ ಧೈರ್ಯವಿಲ್ಲದೆ ನಿಮ್ಮ ಮುಂದೆ ಹೇಳುತ್ತಿದ್ದೇನೆ.

ಹಾಡು ಕೇಳುವುದು ಒಬ್ಬರೇ ಮಾಡುವ ಕೆಲಸ ಎಂದು ಕೆಲವರು ತಿಳಿದಿದ್ದಾರೆ. ನನಗಂತೂ ಹಾಗಲ್ಲ. ಒಳ್ಳೆಯ ಹಾಡು ಕಿವಿಗೆ ಬಿದ್ದ ಕೂಡಲೇ ಪಕ್ಕದವರ ತೋಳು ಜಗ್ಗಿ "ಇದನ್ನ ಕೇಳಿ, ಇದನ್ನ ಕೇಳಿ" ಅನ್ನಬೇಕು. ತೋಳು ಸಿಗದಿದ್ದರೆ ಕೈ ಸುಮ್ಮನೆ ಸೆರಗು ಜಗ್ಗುತ್ತದೆ. ಯಜಮಾನರ ತೋಳನ್ನು ಜಗ್ಗಿ ನೋಡಿದ್ದೇನೆ. ಅವರು ಬಸ್ ಕಂಡಕ್ಟರು. ಇಡೀ ದಿನ "ಚಿಂತಾಮಣಿ ಚಿಂತಾಮಣಿ" ಎಂದು ಕೂಗಿ, ಸೀಟಿ ಊದಿ, ಚಿಲ್ಲರೆಗೆ ಜಗಳವಾಡಿ ಬಂದವರಿಗೆ ಬೇಕಾದ ಸಂಗೀತ ಒಂದೇ, ಸದ್ದಿಲ್ಲದಿರುವುದು. ಅದೂ ಎಷ್ಟೋ ದಿನ ಬಸ್ಸಿಗೆ ಯಾವುದೋ ಹಳ್ಳಿಯಲ್ಲಿ ನೈಟ್ ಹಾಲ್ಟ್, ಬಸ್ಸಿನ ಜೊತೆ ಅವರೂ ಹಾಲ್ಟ್. ಮಗಳು ಚಿಕ್ಕಬಳ್ಳಾಪುರದ ಹಾಸ್ಟೆಲಿನಲ್ಲಿ. ಹೀಗಾಗಿ ನಮ್ಮ ಮನೆಯಲ್ಲಿ ನನ್ನ ಜೊತೆ ಮಾತಾಡುವುದು ಕುಕ್ಕರ್ ಒಂದೇ. ಅದೂ ಸೀಟಿಯನ್ನೇ ಊದುತ್ತದೆ.

ಹಿಂದೆ ಹೀಗಿರಲಿಲ್ಲ. ಪಕ್ಕದ ಮನೆಯಲ್ಲಿ ವಿಶಾಲಾಕ್ಷಿ ಇದ್ದರು. ಸ್ಕೂಲಿನಲ್ಲಿ ಟೀಚರು, ನನ್ನಂತೆಯೇ ಕ್ಯಾಸೆಟ್ ಹುಚ್ಚಿನವರು. ಊರಿನ ಹೆಂಗಸರು "ಊಟ ಆಯ್ತಾ?" ಎಂದು ವಿಚಾರಿಸಿಕೊಂಡರೆ, ನಾವಿಬ್ಬರೂ ಕಾಂಪೌಂಡ್ ಗೋಡೆಯ ಮೇಲೆ ಗಲ್ಲ ಊರಿ "ಈಗ ಯಾವ್ದು ನಡೀತಿದೆ?" ಅನ್ನುತ್ತಿದ್ದೆವು.

"ಭಾವಗೀತೇದು ಕಣ್ರೀ. ಎರಡನೇ ಸೈಡಲ್ಲಿ ಮೂರನೇದು ಕೇಳ್ತಾ ಕೇಳ್ತಾ ಕಣ್ಣಲ್ಲಿ ನೀರೇ ಬಂದ್ಬಿಡ್ತು."

"ಈರುಳ್ಳಿ ಹೆಚ್ತಿದ್ರೇನೋ, ಸರಿಯಾಗಿ ಜ್ಞಾಪಿಸ್ಕೊಳ್ಳಿ" ಅನ್ನುತ್ತಿದ್ದೆ ನಾನು.

ಸಾರಿನ ಬಟ್ಟಲನ್ನು ಖಾಲಿ ಹಿಂದಿರುಗಿಸಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ನಾವು ಕ್ಯಾಸೆಟ್ಟಿನ ಡಬ್ಬಿಗೂ ಅದನ್ನೇ ನಡೆಸುತ್ತಿದ್ದೆವು. ಅವರು ದೇವರನಾಮ ಕೊಟ್ಟರೆ ನಾನು ಜನಪದ ಗೀತೆ ತುಂಬಿ ವಾಪಸು ಕೊಡುತ್ತಿದ್ದೆ. ಎರಡು ಮನೆಯ ಕ್ಯಾಸೆಟ್ಟುಗಳು ಎಷ್ಟು ಬೆರೆತುಹೋದವೆಂದರೆ, ವಿಶಾಲಾಕ್ಷಿಗೆ ಚಿಂತಾಮಣಿಗೆ ವರ್ಗವಾದಾಗ ಯಾವುದು ಯಾರದೆಂದು ತಿಳಿಯದೆ ಕಣ್ಣು ಮುಚ್ಚಿಕೊಂಡು ಹಂಚಿಕೊಂಡೆವು. ಆಮೇಲೆ ಒಮ್ಮೆ ಅಲ್ಲಿನ ಬಸ್ ನಿಲ್ದಾಣದಲ್ಲಿ ಸಿಕ್ಕರು. ನಾನು ಆಸೆಯಿಂದ "ಈಗ ಯಾವ್ದು ನಡೀತಿದೆ?" ಅಂದೆ. "ಟೀವಿ ತಗೊಂಡ್ವಲ್ರೀ, ಇನ್ನೆಲ್ಲಿ ಕ್ಯಾಸೆಟ್ಟು" ಅಂದರು. ಬಸ್ಸು ಬಂತು, ಹತ್ತಿದೆ. ಕಿಟಕಿ ಪಕ್ಕದ ಸೀಟು ಸಿಕ್ಕಿದ್ದೂ ಗೊತ್ತಾಗಲಿಲ್ಲ.

ಅವರು ಬಿಟ್ಟ ಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ಘಟಕ ಶುರುವಾಯಿತು. ಗೋಡೆಯಾಚೆಯಿಂದ ಹಾಡಿನ ಬದಲು ಬೆಂದ ಗೂಡಿನ ವಾಸನೆ ಬರತೊಡಗಿತು. ನಾನು ಮಾತ್ರ ಹಳೆಯ ಅಭ್ಯಾಸದಂತೆ ಟೇಪ್ ರೆಕಾರ್ಡರನ್ನು ಆ ಕಡೆಯ ಕಿಟಕಿಯಲ್ಲೇ ಇಟ್ಟು, ಅವರಿಗೂ ಕೇಳಲಿ ಎಂದು ಸದ್ದು ಜಾಸ್ತಿ ಮಾಡುತ್ತಿದ್ದೆ. ಅಲ್ಲಿ ಸಾಲಾಗಿ ಕುಳಿತ ಹೆಂಗಸರು ನನಗೆ ಕಾಣುತ್ತಿದ್ದರು. ಹಾಡು ಶುರುವಾದರೆ ತಲೆ ತೂಗುತ್ತಿದ್ದರು. ಪಲ್ಲವಿ ತಿರುಗಿ ಬಂದಾಗ ಒಬ್ಬಾಕೆ ಎರಡು ಬೆರಳು ಜೋಡಿಸಿ ಕೈಯನ್ನು ಮೇಲಕ್ಕೆ ಎತ್ತುತ್ತಿದ್ದಳು, ದೊಡ್ಡ ಕಚೇರಿಗಳಲ್ಲಿ ಮುಂದಿನ ಸಾಲಿನವರು 'ಭಲೇ' ಅನ್ನುವ ಹಾಗೆ. ಎಂಥ ರಸಿಕರು ಎಂದು ಉಬ್ಬಿಹೋದೆ. ಅವರಿಗಾಗಿ ಹೊತ್ತಿಗೆ ತಕ್ಕ ಕ್ಯಾಸೆಟ್ ಆರಿಸತೊಡಗಿದೆ. ಬೆಳಿಗ್ಗೆ ದೇವರನಾಮ, ಊಟದ ಹೊತ್ತಿಗೆ ಜನಪದ, ಇಳಿಹೊತ್ತಿಗೆ ಭಾವಗೀತೆ. ಹೀಗೆ ವರ್ಷದ ಮೇಲೆ ನಡೆಯಿತು.

ಒಂದು ದಿನ ಆ 'ಭಲೇ' ಅನ್ನುವ ಹೆಂಗಸು, ಮುನಿರತ್ನಮ್ಮ, ಮಜ್ಜಿಗೆ ಕೇಳಿಕೊಂಡು ಬಂದಳು. ಕೊಟ್ಟೆ. ಕುಡಿದು ಲೋಟ ಇಟ್ಟು, ಮನೆಯೊಳಗೆಲ್ಲ ಕಣ್ಣಾಡಿಸಿ, ಅಯ್ಯೋ ಪಾಪ ಎಂಬಂತೆ ನನ್ನನ್ನು ನೋಡಿದಳು.

"ಯಾವಾಗ್ಲೂ ಒಬ್ರೇ ಇರ್ತೀರಲ್ಲಕ್ಕಾ. ಒಂದು ರೇಡಿಯೋನಾದ್ರೂ ಇಟ್ಕೋಬಾರ್ದಾ?"

"ದಿನಾ ಹಾಡು ಹಾಕ್ತೀನಲ್ಲಮ್ಮ, ಕೇಳಲ್ವಾ?" ಅಂದೆ.

"ಹಾಡಾ? ನಮ್ ಮೋಟ್ರು ಸದ್ದಲ್ಲಿ ಓನರ್ರು ಬೈದ್ರೂ ಕೇಳಲ್ಲ ಕಣಕ್ಕಾ. ಕರೆಂಟ್ ಹೋದಾಗ ಕಿವಿ ಕೊಟ್ಟು ಕೂತಿರ್ತೀವಿ. ಆವಾಗ ನೋಡಿದ್ರೆ ನಿಮ್ಮನೇಲಿ ಒಂದು ಪಾತ್ರೆ ಸದ್ದೂ ಇರಲ್ಲ."

ಆಮೇಲೆ ಕುಳಿತು ಲೆಕ್ಕ ಹಾಕಿದೆ. ಕರೆಂಟು ಇದ್ದರೆ ನನ್ನ ಹಾಡೂ ಇರುತ್ತದೆ, ಅವರ ಮೋಟಾರೂ ಇರುತ್ತದೆ. ಕರೆಂಟು ಹೋದರೆ ಮೋಟಾರು ನಿಲ್ಲುತ್ತದೆ, ನನ್ನ ಹಾಡೂ ನಿಲ್ಲುತ್ತದೆ. ಇಷ್ಟು ಕಾಲ ನಾನು ಬಿತ್ತರಿಸಿದ್ದರಲ್ಲಿ ಒಂದು ಸಾಲೂ ಗೋಡೆ ದಾಟಿರಲಿಲ್ಲ. ತಲೆ ತೂಗುತ್ತಿದ್ದದ್ದು ಬಿಸಿನೀರಿನಲ್ಲಿ ಎಳೆ ಹುಡುಕುವುದಕ್ಕೆ. ಆ 'ಭಲೇ' ನೂಲಿನ ತುದಿ ಸಿಕ್ಕಿ ಮೇಲಕ್ಕೆ ಎಳೆದದ್ದು.

ಸೋರಿ ಟೇಪ್ ರೆಕಾರ್ಡರನ್ನು ಕೆಡಿಸುತ್ತವೆ ಎಂದು ಯಜಮಾನರು ಎಂದೋ ತೆಗೆದಿಟ್ಟಿದ್ದ ಸೆಲ್ಲುಗಳನ್ನು ಹುಡುಕಿದೆ. ಜೀವ ಇರಲಿಲ್ಲ. ಬಿಸಿಲಿಗೆ ಇಟ್ಟು ಕಾಯಿಸಿ, ಕರೆಂಟು ಹೋದ ಕೂಡಲೇ ಸೆರಗಿನಲ್ಲಿ ಬೆಚ್ಚಗೆ ಸುತ್ತಿ ತಂದು ಹಾಕಿದೆ. ಹಾಡು ಹೊರಟಿತು, ಆದರೆ ಬಸುರಿ ಮೆಟ್ಟಿಲು ಹತ್ತುವ ಹಾಗೆ ನಿಧಾನವಾಗಿ. ನನ್ನ ನೆಚ್ಚಿನ ಗಾಯಕಿಯ ಕೋಮಲ ಕಂಠ ಇಳಿದು ಇಳಿದು, ಗುಡಿಯಲ್ಲಿ ಮಂತ್ರ ಹೇಳುವ ದಪ್ಪ ಗಂಡಸಿನದಾಯಿತು. ಆರಿಸಿಬಿಡೋಣ ಎಂದು ಕೈ ಚಾಚಿದೆ. ಅಷ್ಟರಲ್ಲಿ ಗೋಡೆಯ ಮೇಲೆ ಸಾಲಾಗಿ ತಲೆಗಳು.

"ಅಕ್ಕಾ, ಯಾವ್ ಕ್ಯಾಸೆಟ್ಟಕ್ಕಾ ಇದು? ಯಾರು ಆಯಪ್ಪ? ಏಮಿ ಗೊಂತು!" ಎಂದಳು ಮುನಿರತ್ನಮ್ಮ. ಖುಷಿಯಾದರೆ ಅವಳಿಗೆ ತೆಲುಗು ಬಂದುಬಿಡುತ್ತದೆ. ಎಂಥ ಕಂಠ ಎಂದು ಅದರರ್ಥ.

ಯಾವ ಕ್ಯಾಸೆಟ್ಟು ಎಂದು ಯಾರಾದರೂ ಕೇಳಲಿ ಎಂದು ಎಷ್ಟು ದಿನದಿಂದ ಕಾದಿದ್ದೆ! ಅಂಥ ಪ್ರಶ್ನೆ ಕೇಳಿದವರನ್ನು ತಿದ್ದಲು ಮನಸ್ಸಾಗಲಿಲ್ಲ. "ಯಾರೋ ಹೊಸಬರಮ್ಮ" ಅಂದುಬಿಟ್ಟೆ.

ಅಂದಿನಿಂದ ಕರೆಂಟು ಹೋದರೆ ಆಯಪ್ಪ ಹಾಡುತ್ತಾನೆ. "ಕರೆಂಟ್ ಹೋದ್ರೆ ನಮ್ ಕೂಲಿ ಹೋಗ್ತದೆ, ಆಯಪ್ಪ ಬರ್ತಾನೆ. ಯಾವ್ದು ಬೇಕು ಅಂದ್ರೆ ಹೇಳಕ್ಕಾಗಲ್ಲಕ್ಕಾ" ಎಂದು ಮುನಿರತ್ನಮ್ಮ ನಗುತ್ತಾಳೆ. ಆ ಮಾತಿನ ಮೊದಲರ್ಧ ಕೇಳಿದಾಗ, ಕರೆಂಟು ಹೋಗಲಿ ಎಂಬ ನನ್ನ ಪ್ರಾರ್ಥನೆಯ ಬಗ್ಗೆ ನಾಚಿಕೆಯಾಗುತ್ತದೆ. ಎರಡನೆಯ ಅರ್ಧ ಕೇಳಿದರೆ ಮತ್ತೆ ಪ್ರಾರ್ಥಿಸುತ್ತೇನೆ. ಮೊನ್ನೆ ಯಜಮಾನರು ಟಾರ್ಚಿಗೆಂದು ಹೊಸ ಸೆಲ್ಲು ತಂದು "ನಿನ್ನ ಡಬ್ಬಕ್ಕೂ ಹಾಕ್ಕೊಳ್ಳೇ" ಎಂದು ಕೊಟ್ಟರು. ತೊಗರಿಬೇಳೆ ಡಬ್ಬದಲ್ಲಿ ಬಚ್ಚಿಟ್ಟಿದ್ದೇನೆ. ಹೊಸ ಸೆಲ್ಲು ಹಾಕಿದರೆ ಆಯಪ್ಪ ಹೆಂಗಸಾಗಿಬಿಡುತ್ತಾನೆ. ಆಮೇಲೆ ಇವರಿಗೆ ಏನೆಂದು ಉತ್ತರ ಹೇಳಲಿ?

ಇವತ್ತು ಮಾತ್ರ ಕರೆಂಟು ಹೋಗಲೇ ಇಲ್ಲ. ಮಧ್ಯಾಹ್ನವಾಯಿತು, ಸಂಡಿಗೆ ಗರಿಗರಿಯಾಯಿತು, ಸೆಲ್ಲು ಬಿಸಿಯಾಗಿ ಮತ್ತೆ ತಣ್ಣಗಾಯಿತು. ಮೋಟಾರು ಮಾತ್ರ ಗೊರ್ರೆನ್ನುತ್ತಲೇ ಇತ್ತು. ಸಂಜೆ ಯಜಮಾನರು ಮನೆಗೆ ಬಂದು ಷೂ ಬಿಚ್ಚುತ್ತಿದ್ದಾಗ, ಕೆಲಸ ಮುಗಿಸಿ ಹೊರಟ ಮುನಿರತ್ನಮ್ಮ ಬೀದಿಯಿಂದಲೇ ಕೂಗಿದಳು: "ಏನಕ್ಕಾ, ಇವತ್ತು ಆಯಪ್ಪ ಬರ್ಲೇ ಇಲ್ಲ?"

ಒಂದು ಷೂ ಕೈಯಲ್ಲೇ ನಿಂತಿತು. "ಯಾವ ಅಪ್ಪನೇ?"

"ಕರೆಂಟ್ ಹೋದಾಗ ಬರೋನು ಕಣ್ರೀ" ಅಂದೆ. ನನಗೇ ನಗು ತಡೆಯಲಾಗಲಿಲ್ಲ. ಅವರಿಗೆ ಬರಲಿಲ್ಲ. ಕಡೆಗೆ ಮೊದಲಿನಿಂದ ಎಲ್ಲವನ್ನೂ ಹೇಳಬೇಕಾಯಿತು. ಕೇಳಿ ಮುಗಿಸಿ, ಮದುವೆಯಾದ ಮೇಲೆ ಮೊದಲ ಸಲ, "ಯಾವ ಕ್ಯಾಸೆಟ್ಟೇ ಅದು? ಹಾಕು ನೋಡೋಣ" ಅಂದರು.

ಊಟಕ್ಕೆ ಮುದ್ದೆ, ಹುರುಳಿ ಬಸ್ಸಾರು, ಕರಿದ ಸಂಡಿಗೆ. ಚಾಪೆ ಹಾಸಿ, ಹಳೆಯ ಸೆಲ್ಲುಗಳನ್ನೇ ಹಾಕಿ ಹಾಡು ಹಚ್ಚಿದೆ. ಪಲ್ಲವಿ ಎರಡನೆಯ ಸಲ ಬಂದಾಗ "ಇದನ್ನ ಕೇಳಿ" ಎಂದು ತೋಳು ಜಗ್ಗಿದೆ. ಅವರು ಆಗಲೇ ಮಲಗಿಬಿಟ್ಟಿದ್ದರು. ಆಯಪ್ಪನೂ ಚರಣದ ನಡುವೆ ದನಿ ಎಳೆದು ಎಳೆದು ಮಲಗಿದ. ಉಳಿದ ಸಾಲುಗಳನ್ನು ನಾನೇ ಮೆಲ್ಲಗೆ ಹೇಳಿಕೊಂಡು, ಎಲ್ಲರಿಗಿಂತ ಕೊನೆಗೆ ಮಲಗಿದೆ.