ಗ್ರಾಂಪ್ರೇ ಅವರ ಹನ್ನೊಂದನೆಯ ಸಿನಿಮಾ

ಶೇಷಾದ್ರಿ ಕೆಟ್ಟದ್ದು ಒಂದಂಗುಲ ಅಂಟುಪಟ್ಟಿಯಿಂದ. ವಿಡಿಯೊ ಕ್ಯಾಸೆಟ್ಟಿನ ಮೂಲೆಯ ತೂತಿಗೆ ಅದನ್ನು ಹಚ್ಚಿದರೆ ಹಳೆಯದರ ಮೇಲೂ ಹೊಸದಾಗಿ ರೆಕಾರ್ಡ್ ಮಾಡಬಹುದು. ೧೯೯೬ರಲ್ಲಿ ಅಮೆರಿಕದ ಗೈದರ್ಸ್‌ಬರ್ಗಿನ ಕನ್ನಡಿಗರೆಲ್ಲ ಬಲ್ಲ ಉಪಾಯ. ಶನಿವಾರದ ಸತ್ಯನಾರಾಯಣ ಪೂಜೆಯನ್ನು ತಾನು ಇಳಿಸಿದ್ದು ಕೆಳಗಿನ ಮನೆಯ ಗ್ರಾಂಪ್ರೇ ಅವರ ಕ್ಯಾಸೆಟ್ಟಿನ ಮೇಲೆ ಎಂದು ಅವನಿಗೆ ತಿಳಿದದ್ದು ಭಾನುವಾರ ಮಧ್ಯಾಹ್ನ, ಅದನ್ನು ಹಿಂತಿರುಗಿಸಲು ಹೊರಟಾಗ.

ಗ್ರಾಂಪ್ರೇ ಪ್ಯಾರಿಸ್ಸಿನಲ್ಲಿ ಹಾಸ್ಯಚಿತ್ರಗಳನ್ನು ನಿರ್ದೇಶಿಸಿದವರು. ಮೊದಲನೆಯದು ವರ್ಷಗಟ್ಟಲೆ ಓಡಿತು. ಹತ್ತನೆಯದಕ್ಕೆ ಒಬ್ಬರೂ ನಗಲಿಲ್ಲ. ಹನ್ನೊಂದನೆಯದು ತೆರೆ ಕಾಣಲೇ ಇಲ್ಲ, ಉಳಿದಿದ್ದು ಈ ಒಂದೇ ಪ್ರತಿ. ನಟರು ಬಿದ್ದು ಸೊಂಟ ಉಳುಕಿಸಿಕೊಂಡರೂ ಇವರು "ಇನ್ನೊಮ್ಮೆ" ಎನ್ನುತ್ತಿದ್ದರಂತೆ. ಅಂಥವರು ಊರುಗೋಲೂರಿ ಮೆಟ್ಟಿಲು ಹತ್ತಿ ಬಂದು ಕ್ಯಾಸೆಟ್ ಕೊಟ್ಟು, "ಒಬ್ಬ ನಕ್ಕರೂ ನನಗೆ ಸಾಕು" ಎಂದಿದ್ದರು. ಆ ಆಸೆಯ ಮೇಲೆ ಶೇಷಾದ್ರಿ ಮಂಗಳಾರತಿ ಎತ್ತಿಬಿಟ್ಟಿದ್ದ. ಅವನಿಗೆ ಅಳುವೇ ಬಂತು.

"ಹೇಳಾಕ ಹೋಗಬ್ಯಾಡ್ರಿ," ಎಂದ ಪಕ್ಕದ ಮನೆಯ ಕರಬಸಪ್ಪ. "ನೋಡೇನಿ, ನಕ್ಕೇನಿ ಅನ್ರಿ. ಮುಗೀತು."

"ಕೊನೇಲಿ ಸ್ವಲ್ಪನಾದ್ರೂ ಉಳಿದಿರಬಹುದು, ಪ್ಲೇ ಮಾಡಿ ನೋಡ್ರೀ," ಎಂದಳು ಹೆಂಡತಿ ನೀರಜಾ.

ಟೀವಿಯಲ್ಲಿ ಮಂಗಳಾರತಿಯ ಹೊಗೆಗೆ ಚಾವಣಿಯ ಸ್ಮೋಕ್ ಅಲಾರಂ ಬಡಿದುಕೊಳ್ಳುತ್ತಿತ್ತು. ತೆರೆಯ ಮೇಲಿನ ಶೇಷಾದ್ರಿ ಕುರ್ಚಿ ಹತ್ತಿ ಶಲ್ಯದಿಂದ ಗಾಳಿ ಬೀಸಿದ. ಕುರ್ಚಿ ಜಾರಿ ಧೊಪ್ಪನೆ ಬಿದ್ದ. ಆದರೆ ನೋಡುತ್ತಿದ್ದ ಮೂವರ ಕಣ್ಣೂ ತೆರೆಯ ಮೇಲಿನ ಬಾಗಿಲ ಕಡೆಗಿತ್ತು. ಚಪ್ಪಲಿ ರಾಶಿಯ ಪಕ್ಕ ಹ್ಯಾಟು ಹಾಕಿಕೊಂಡು ಗ್ರಾಂಪ್ರೇ ನಿಂತಿದ್ದರು.

"ಅವ್ರನ್ನ ನೀವು ಕರೆದಿದ್ರಾ?"

"ಇಲ್ವಲ್ಲೇ!"

ರಿವೈಂಡ್ ಮಾಡಿದರು. ಈ ಸಲ ಗ್ರಾಂಪ್ರೇ ಪೂಜೆಗೆ ಕೂತ ಕರಬಸಪ್ಪನ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು. ಸೋಫಾದ ಮೇಲಿದ್ದ ಕರಬಸಪ್ಪ ಸ್ವಲ್ಪ ಆಚೆ ಸರಿದ. ಮೂರನೆಯ ಸಲ ಅವರು ಕುರ್ಚಿಯ ಹಿಂದಿದ್ದರು. ಊರುಗೋಲಿನ ಕೊಕ್ಕೆ ಕುರ್ಚಿಯ ಕಾಲನ್ನು ಮೆಲ್ಲಗೆ ಎಳೆಯಿತು.

"ನಾ ಒಲೀ ಮ್ಯಾಲ ಕುಕ್ಕರ್ ಇಟ್ಟು ಬಂದೇನಿ," ಎಂದು ಕರಬಸಪ್ಪ ಬರಿಗಾಲಲ್ಲೇ ಓಡಿದ.

ತಪ್ಪೊಪ್ಪಿಕೊಂಡುಬಿಡೋಣ ಎಂದು ಶೇಷಾದ್ರಿ ಕ್ಯಾಸೆಟ್ ಹಿಡಿದು ಕೆಳಗಿಳಿದ. ಬಾಗಿಲು ತೆರೆದ ಗ್ರಾಂಪ್ರೇ ಮಗಳು ಸಿಮೋನ್ ಕಪ್ಪು ಬಟ್ಟೆ ತೊಟ್ಟಿದ್ದಳು. ಒಳಗೆ ಹತ್ತಾರು ಜನ ತಲೆ ತಗ್ಗಿಸಿ ಕುಳಿತಿದ್ದರು.

"ಅಪ್ಪ ಶುಕ್ರವಾರ ಆಸ್ಪತ್ರೆಯಲ್ಲಿ ತೀರಿಕೊಂಡರು," ಎಂದಳು ಇಂಗ್ಲಿಷಿನಲ್ಲಿ.

ಪೂಜೆ ನಡೆದದ್ದು ಶನಿವಾರ. ಶೇಷಾದ್ರಿ ಎರಡು ಸಲ ಬೆರಳು ಮಡಚಿ ಎಣಿಸಿದ. ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಕ್ಯಾಸೆಟ್ ತೆಗೆದುಕೊಂಡು, "ಅಪ್ಪನ ಕೊನೆಯ ಸಿನಿಮಾ! ಎಲ್ಲರೂ ನೋಡೋಣ," ಎಂದು ವಿಸಿಆರ್‌ಗೆ ಹಾಕಿಯೇಬಿಟ್ಟಳು.

ಅವನು ಕಣ್ಣು ಮುಚ್ಚಿಕೊಂಡ. ಪೂಜೆಯನ್ನೇ ಗ್ರಾಂಪ್ರೇ ಅವರ ಸಿನಿಮಾ ಎಂದುಕೊಂಡು ಮೊದಲು ಯಾರೋ ಕಿಸಕ್ಕೆಂದರು. ಕುರ್ಚಿ ಜಾರಿದಾಗ ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ಸಿಮೋನ್ ಕಣ್ಣೊರೆಸಿಕೊಂಡು, "ಅಪ್ಪ ಗೆದ್ದರು," ಎಂದಳು. ಶೇಷಾದ್ರಿಗೂ ಜೀವ ಬಂದಂತಾಯಿತು.

ಪೂಜೆ ಮುಗಿದ ಮೇಲೆ ಹಳೆಯ ಸಿನಿಮಾದ ಒಂದು ಚೂರು ಉಳಿದಿತ್ತು. ನಡುವಯಸ್ಸಿನ ಗ್ರಾಂಪ್ರೇ ತೆರೆಯ ಮೇಲೆ ಬಂದು, ನೇರ ಶೇಷಾದ್ರಿಯನ್ನೇ ನೋಡಿ ಫ್ರೆಂಚಿನಲ್ಲಿ ಏನೋ ಹೇಳಿದರು.

"ಏನಂದರು?" ಶೇಷಾದ್ರಿ ಸಿಮೋನ್‌ಳನ್ನು ಕೇಳಿದ.

"‘ನೀನು ಚೆನ್ನಾಗಿ ಬಿದ್ದೆ. ಇನ್ನೊಮ್ಮೆ.’"

ಮೇಲಿನ ಮನೆಯಲ್ಲಿ ಸ್ಮೋಕ್ ಅಲಾರಂ ಬಡಿದುಕೊಳ್ಳತೊಡಗಿತು.

"ರೀ, ಬೇಗ ಬನ್ನಿ!" ನೀರಜಾ ಮೆಟ್ಟಿಲ ಮೇಲಿಂದ ಕೂಗಿದಳು. "ಒಲೆ ಹಚ್ಚೇ ಇಲ್ಲ, ಅದರ ಪಾಡಿಗೆ ಹೊಡ್ಕೊಳ್ತಿದೆ! ಅಲಾರಂ ಕೆಳಗೆ ಕುರ್ಚಿ ಬೇರೆ ಆಗ್ಲೇ ಯಾರೋ ಹಾಕಿದಾರೆ!"