ಹಳದಿ ಕ್ಯಾಮೆರಾಕ್ಕೆ ಒಂದು ನಗು

ಮಗು ನಗಲಿಲ್ಲ. ಆ ದಿನದ ತೊಂದರೆಯೆಲ್ಲ ಶುರುವಾದದ್ದು ಅಲ್ಲಿಂದಲೇ.

ಅಪ್ಪ ಎನ್ನಿಸಿಕೊಂಡವನು ತಲೆಯ ಮೇಲೆ ಸಾರಿನ ಪಾತ್ರೆ ಮಗುಚಿಕೊಂಡು ಕುಣಿದ. ಕೆನ್ನೆ ಊದಿಸಿ ಕಪ್ಪೆಯಾದ. ಬಾಗಿಲ ಹಿಂದೆ ಅಡಗಿ "ಬೂ" ಎಂದ. ಸ್ನಾನದ ಟಬ್ಬಿನಲ್ಲಿ ಬೆಚ್ಚಗೆ ಕೂತಿದ್ದ ಮಗಳು, ಸುಳ್ಳು ಸಾಕ್ಷಿಯನ್ನು ಕೇಳಿಸಿಕೊಳ್ಳುವ ನ್ಯಾಯಾಧೀಶರ ಹಾಗೆ, ಹುಬ್ಬು ಗಂಟಿಕ್ಕಿ ಅವನನ್ನು ನೋಡಿದಳು.

ಅವನನ್ನು ಬೀದಿಯವರೆಲ್ಲ ಹಳದಿ ಎಂದೇ ಕರೆಯುತ್ತಿದ್ದರು. ಅವನು ಕೆಲಸಕ್ಕಿದ್ದ ದೊಡ್ಡ ಕ್ಯಾಮೆರಾ ಅಂಗಡಿಯಲ್ಲಿ ಕಂಪನಿಗೊಂದು ಕೌಂಟರು. ಇವನ ಕಂಪನಿಯವರಿಗೆ ಹಳದಿ ಷರಟು, ಎದುರು ಕೌಂಟರಿನವರಿಗೆ ನೀಲಿ. ಉಳಿದವರು ಮನೆಗೆ ಬಂದ ಮೇಲೆ ಷರಟು ಬಿಚ್ಚಿ ನೇತುಹಾಕುತ್ತಿದ್ದರು. ಇವನು ಷರಟು ಬಿಚ್ಚಿದರೂ ನಿಷ್ಠೆ ಬಿಚ್ಚುತ್ತಿರಲಿಲ್ಲ. ಹೆಂಡತಿ ನೀಲಿ ಬಕೆಟ್ ಕೊಂಡು ತಂದಾಗ ವಾಪಸು ಕೊಟ್ಟು ಬಂದಿದ್ದ.

ಅಂಥವನ ಮನೆಯಲ್ಲೇ ಆ ತಪ್ಪು ನಡೆದುಹೋಗಿತ್ತು. ಕೆಲವು ತಿಂಗಳ ಹಿಂದೆ ಹೆಂಡತಿಯ ಅಣ್ಣ ಬಂದಿದ್ದಾಗ, ಮಗು ಇದೇ ಟಬ್ಬಿನಲ್ಲಿ ಮೊದಲ ಸಲ ಗಟ್ಟಿಯಾಗಿ ನಕ್ಕಿತು. ಮನೆಯಲ್ಲಿದ್ದ ಹಳದಿ ಕಂಪನಿಯ ಕ್ಯಾಮೆರಾ ಚೀಲದೊಳಗೊಂದು ಚೀಲದಲ್ಲಿ, ಬೀರುವಿನ ತುದಿಯಲ್ಲಿ ಭದ್ರವಾಗಿತ್ತು. ಅಣ್ಣನ ನೀಲಿ ಕ್ಯಾಮೆರಾ ಕೈಗೆಟುಕುವಲ್ಲಿತ್ತು. ಅಮ್ಮನಾದವಳು ಬಣ್ಣ ನೋಡುತ್ತಾ ಕೂರುತ್ತಾಳೆಯೇ? ಒದ್ದೆ ಕೈಯಲ್ಲೇ ಕ್ಲಿಕ್ ಮಾಡಿದಳು. ಚಿತ್ರದ ತುಂಬ ಮುಖವೇ. ಬೋಳು ವಸಡಿನ ಆ ನಗು, ನೋಡಿದವರ ಮುಖಕ್ಕೆಲ್ಲ ಅಂಟಿಕೊಳ್ಳುವಂತಿತ್ತು.

ಅಷ್ಟರಲ್ಲಿ ಕಂಪನಿ ನೌಕರರಿಗೆಂದು ಒಂದು ಸ್ಪರ್ಧೆ ಇಟ್ಟಿತು: 'ನಮ್ಮ ಮನೆ, ನಮ್ಮ ಕ್ಯಾಮೆರಾ.' ಗೆದ್ದವನೇ ಕೌಂಟರಿಗೆ ಇನ್‌ಚಾರ್ಜ್ ಎಂದು ಸುದ್ದಿಯಿತ್ತು. ವರ್ಷಗಟ್ಟಲೆ ನಿಂತೇ ಕೆಲಸ ಮಾಡಿದವನಿಗೆ ಇನ್‌ಚಾರ್ಜ್ ಎಂದರೆ ಮೊದಲನೆಯದಾಗಿ ಒಂದು ಕುರ್ಚಿ. ಹಳದಿ ಆ ಕುರ್ಚಿಯ ಆಸೆಗೆ ಅದೇ ಫೋಟೊ ಕಳಿಸಿಬಿಟ್ಟ. ಅದು ಆಯ್ಕೆಯೂ ಆಯಿತು.

ನಿನ್ನೆ ಸಂಜೆ ಏರಿಯಾ ಮ್ಯಾನೇಜರ್ ಮೇಡಂ ಫೋನ್ ಮಾಡಿದ್ದರು. "ನಾಳೆ ರಜಾ ತಗೊಳ್ಳಿ. ಸಂಜೆ ಮನೆಯವರನ್ನೂ ಮಗೂನೂ ಕರ್ಕೊಂಡು ಅಂಗಡಿಗೆ ಬನ್ನಿ. ಆ ಫೋಟೊ ಇರೋ ಮೆಮೊರಿ ಕಾರ್ಡೂ ಇರಲಿ. ಅದರ ಬಗ್ಗೆ ಸ್ವಲ್ಪ ಮಾತಾಡೋದಿದೆ."

ಆ 'ಸ್ವಲ್ಪ' ಹಳದಿಯನ್ನು ರಾತ್ರಿಯೆಲ್ಲ ತಿಂದಿತು. ಯಾವ ಕ್ಯಾಮೆರಾದಲ್ಲಿ, ಯಾವ ದಿನ ತೆಗೆದದ್ದು ಎನ್ನುವುದು ಪ್ರತಿ ಫೋಟೊದೊಳಗೂ ಅಡಗಿರುತ್ತದೆ. ಗಿರಾಕಿಗಳಿಗೆ ದಿನವೂ ಅದನ್ನು ತೋರಿಸಿಕೊಡುವವನೇ ಅವನು. ಕಳಿಸುವಾಗ ಮಾತ್ರ ಅದು ಹೊಳೆದಿರಲಿಲ್ಲ. ಯಾರೋ ಚಾಡಿ ಹೇಳಿದ್ದಾರೆ. ಯಾರು? ಕೆಳಗಿನ ಮನೆಯಲ್ಲೇ ಇದ್ದಾನಲ್ಲ, ಎದುರು ಕೌಂಟರಿನ ನೀಲಿ! ಮೊನ್ನೆ ಮೆಟ್ಟಿಲಲ್ಲಿ ಸಿಕ್ಕಾಗ ಸುಮ್ಮಸುಮ್ಮನೆ ನಕ್ಕಿರಲಿಲ್ಲವೇ?

ಹಾಗಾಗಿ ಬೆಳಿಗ್ಗೆ ಹಳದಿ ತನ್ನ ಕ್ಯಾಮೆರಾ ಕೆಳಗಿಳಿಸಿದ, ಅದರ ತಾರೀಖನ್ನು ಹಿಂದಕ್ಕೆ ತಿರುಗಿಸಿದ, ಅದೇ ಟಬ್ಬು, ಅದೇ ಟವೆಲು, ಅದೇ ಕಿಟಕಿ ಎಲ್ಲ ಹೊಂದಿಸಿದ. ನಗು ಒಂದು ಬಾಕಿ.

"ರೀ, ಒಂದು ಮಾತು ಕೇಳಿ," ಎಂದಳು ಹೆಂಡತಿ. "ಆಗಿನ ಫೋಟೊಗೂ ಈಗ..."

"ಆಮೇಲೆ ಹೇಳು ಕಣೇ. ಮೊದಲು ನಗಿಸು!"

ಪಾತ್ರೆ ಬಿದ್ದ ಸದ್ದಿಗೆ ಪಕ್ಕದ ಮನೆಯ ಟೈಲರ್ ಬಂದ. ಕೊರಳಲ್ಲಿ ಅಳತೆ ಟೇಪು, ಮೈತುಂಬ ಹಸಿರು ದಾರದ ಚೂರುಗಳು.

"ಏನಿದು ಇಷ್ಟೊಂದು ಹಸಿರು?" ಕಣ್ಣು ಕಿರಿದು ಮಾಡಿ ಕೇಳಿದ ಹಳದಿ.

"ದೊಡ್ಡ ಆರ್ಡರು. ಯಾರದ್ದು ಅಂತ ಕೇಳ್ಬೇಡಿ, ಹೇಳಬಾರದು ಅಂದಿದಾರೆ." ಟೈಲರ್ ಅವನ ಭುಜಗಳನ್ನು ಮೇಲಿಂದ ಕೆಳಗೆ ನೋಡಿದ. "ಅಂದಹಾಗೆ, ಷರಟಿಗೆ ನಿಮಗೆ ಒಂದೇ ಜೇಬು ಸಾಕಲ್ವಾ?"

"ನನ್ನ ಜೇಬಿನ ವಿಷಯ ನಿನಗ್ಯಾಕಯ್ಯ?"

"ಸುಮ್ನೆ ಕೇಳಿದೆ."

ಸುಮ್ಮನೆ ಯಾರೂ ಜೇಬು ಕೇಳುವುದಿಲ್ಲ. ಇವನೂ ಅವರ ಕಡೆಯವನೇ ಇರಬೇಕು ಎಂದು ಹಳದಿ ಮನಸ್ಸಿನಲ್ಲೇ ಗುರುತು ಹಾಕಿಕೊಂಡ.

ಅಷ್ಟರಲ್ಲಿ ಮೇಲಿನ ಮನೆಯ ಟೀಚರಮ್ಮ ಇಳಿದು ಬಂದರು. ನಿವೃತ್ತಿಯಾದರೂ ಹಾಜರಿ ಕೂಗುವ ದನಿ ಹಾಗೆಯೇ ಇತ್ತು. "ಏನಪ್ಪಾ, ಮಗೂನ ಯಾಕೆ ಹಿಂಸೆ ಮಾಡ್ತಿದ್ದೀಯಾ?"

"ನಗಿಸ್ತಿದ್ದೀನಿ, ಟೀಚರಮ್ಮ."

"ಇವತ್ತೇ ನಗಬೇಕು ಅಂದ್ರೆ ಏನೋ ಇದೆ. ದೇಶ ಬಿಟ್ಟು ಹೋಗ್ತಿದ್ದೀರಾ? ಪಾಸ್‌ಪೋರ್ಟಿಗಾ?"

"ಪಾಸ್‌ಪೋರ್ಟಿಗೆ ನಗಬಾರದು," ಎಂದ ಟೈಲರ್.

"ಹಾಗಾದ್ರೆ ಕೆಲಸ ಹೋಗಿರಬೇಕು. ರಜಾ ದಿನ ಅಲ್ಲ, ಮನೇಲಿದ್ದಾನೆ ನೋಡು." ಟೀಚರಮ್ಮ ಹೆಂಡತಿಯ ಕಡೆ ತಿರುಗಿ ದನಿ ತಗ್ಗಿಸಿದರು. "ನನ್ನ ಹತ್ರ ಮುಚ್ಚಿಡಬೇಡಮ್ಮ."

ಹೆಂಡತಿ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಟೀಚರಮ್ಮ ಅದನ್ನು ಅಳು ಎಂದುಕೊಂಡು ಬೆನ್ನು ಸವರಿದರು. ಟೈಲರ್ ಅಳತೆ ಟೇಪನ್ನು ಹಾವಿನಂತೆ ಆಡಿಸಿದ, ಟೀಚರಮ್ಮ ಕೋಳಿಯಂತೆ ಕೂಗಿದರು. ಮಗು ಒಬ್ಬೊಬ್ಬರನ್ನೇ ದಿಟ್ಟಿಸಿ ನೋಡಿ ಮುಖ ತಿರುಗಿಸಿತು.

ಅದೇ ಹೊತ್ತಿಗೆ ಬಾಗಿಲಲ್ಲಿ ನೀಲಿ ಬಂದು ನಿಂತ.

ಕೈಯಲ್ಲಿದ್ದ ಕ್ಯಾಮೆರಾವನ್ನು ಹಳದಿ ಬೆನ್ನ ಹಿಂದೆ ಬಚ್ಚಿಟ್ಟ.

"ಒಂದು ವಿಷಯ ಮಾತಾಡೋದಿತ್ತು," ಎಂದ ನೀಲಿ. "ನಿಮ್ಮ ಮೇಡಂ ನಿಮಗೂ ಫೋನ್ ಮಾಡಿದ್ರಾ?"

ನಿಮಗೂ! ಆ 'ಊ' ಹಳದಿಯ ಎದೆಗೆ ನಾಟಿತು. "ನಮ್ಮ ಮೇಡಂ ಫೋನ್ ಮಾಡಿದ್ದು ನಿಮಗ್ಯಾಕ್ರೀ? ಎದುರು ಕೌಂಟರಿನಿಂದ ನೋಡೋದು ಸಾಲದು ಅಂತ ಮನೆಗೇ ಬಂದ್ರಾ?"

"ಅಯ್ಯೋ, ಹಾಗಲ್ಲ. ಫೋಟೊ ವಿಷಯ..."

"ನಮ್ಮ ಮನೇಲಿ ಒಂದೇ ಕ್ಯಾಮೆರಾ, ಅದು ಹಳದಿ! ಹೋಗಿ ಹೇಳಿ, ಯಾರಿಗೆ ಹೇಳ್ತೀರೋ!"

ದಡಾರನೆ ಬಾಗಿಲು ಹಾಕಿ, ಗೆದ್ದವನ ಗತ್ತಿನಲ್ಲಿ ಹಿಂದಕ್ಕೆ ಹೆಜ್ಜೆ ಇಟ್ಟ. ಹೆಜ್ಜೆಯ ಕೆಳಗೆ ಸೋಪು ಸಿಕ್ಕಿತು. ಹೆಂಡತಿ ಆಗ ತಾನೇ ಮಗುವನ್ನೆತ್ತಿ ಟವೆಲು ಸುತ್ತಿದ್ದಳು, ಸದ್ಯ. ಖಾಲಿಯಾಗಿದ್ದ ಟಬ್ಬಿಗೆ ಅಪ್ಪ ಧೊಪ್ಪನೆ ಕುಕ್ಕರಿಸಿದ. ನೀರು ಟೀಚರಮ್ಮನ ಕನ್ನಡಕದವರೆಗೂ ಹಾರಿತು.

ಮಗು ನಕ್ಕಿತು! ಹೊಟ್ಟೆ ಕುಲುಕುವಂತೆ, ಉಸಿರು ಸಿಕ್ಕಿಕೊಳ್ಳುವಂತೆ ನಕ್ಕಿತು.

ಪ್ರವಾಹದಲ್ಲಿ ಗಂಟು ಉಳಿಸಿಕೊಳ್ಳುವವನ ಹಾಗೆ ಅವನು ಕ್ಯಾಮೆರಾವನ್ನು ಮೇಲೆತ್ತಿ, ಮಗುವಿನ ಮುಖವನ್ನಷ್ಟೇ ಹಿಡಿದು ಟಪಟಪ ಕ್ಲಿಕ್ಕಿಸಿದ. ಆಮೇಲೆ ಒದ್ದೆ ಬೆರಳಿನಿಂದ ಅದು ಜಾರಿ, ಗುಳುಕ್ ಎಂದು ಮುಳುಗಿತು. ಕ್ಯಾಮೆರಾ ಸತ್ತಿತು, ಕಾರ್ಡು ಬದುಕಿತು. ಅವನಿಗೆ ಬೇಕಾಗಿದ್ದದ್ದೂ ಅಷ್ಟೇ.

"ರೀ, ಈಗಲಾದ್ರೂ ಕೇಳ್ತೀರಾ?" ಎಂದಳು ಹೆಂಡತಿ.

"ಸಂಜೆ, ಸಂಜೆ!" ಎಂದು ಅವನು ಬಟ್ಟೆ ಹಿಂಡಿದ.

ಸಂಜೆ ಅಂಗಡಿಯಲ್ಲಿ ಮೇಡಂ ಕಾದಿದ್ದರು. ಅವರ ಪಕ್ಕದಲ್ಲಿ ನೀಲಿ ನಿಂತಿದ್ದ. ಮೂಲೆಯಲ್ಲಿ ದೊಡ್ಡ ಗಂಟು ಇಟ್ಟುಕೊಂಡು ಟೈಲರ್! ಪಿತೂರಿ ಪೂರ್ತಿಯಾಗಿದೆ ಎಂದುಕೊಂಡ ಹಳದಿ ಎದೆಯುಬ್ಬಿಸಿ ಕಾರ್ಡು ಕೊಟ್ಟ.

ಮೇಡಂ ಅದನ್ನು ಪರದೆಯ ಮೇಲೆ ತೆರೆದರು. "ನಮ್ಮ ಕ್ಯಾಮೆರಾದಲ್ಲೇ ತೆಗೆದದ್ದು."

"ಹೌದು ಮೇಡಂ! ಬೇರೆ ಕಂಪನಿದು ನಾವು ಮುಟ್ಟೋದೂ ಇಲ್ಲ."

"ತಾರೀಖೂ ಸರಿಯಾಗಿದೆ." ಮೇಡಂ ಚಿತ್ರವನ್ನು ದೊಡ್ಡದು ಮಾಡಿದರು. ಮಗುವಿನ ಬಾಯಿ ಗೋಡೆಯಷ್ಟಾಯಿತು. ಕೆಳಗಿನ ವಸಡಿನ ನಡುವೆ, ಅಕ್ಕಿಕಾಳಿನಂತೆ, ಒಂದು ಹಲ್ಲು. "ಆದ್ರೆ ನೀವು ಕಳಿಸಿದ್ರಲ್ಲಿ ಈ ಹಲ್ಲು ಇರಲಿಲ್ವಲ್ರೀ?"

ಹಳದಿ ಹೆಂಡತಿಯ ಕಡೆ ನೋಡಿದ.

"ಬೆಳಿಗ್ಗೆಯಿಂದ ಅದನ್ನೇ ಹೇಳೋಕೆ ಬಂದೆ," ಎಂದಳು ಅವಳು ಮೆಲ್ಲಗೆ. "ಹೋದ ವಾರ ಬಂತು. ನೀವು ಮನೇಲಿದ್ದಾಗಲೆಲ್ಲ ಅವಳು ನಿಮ್ಮನ್ನ ನೋಡಿ ಬಾಯಿ ಬಿಗಿ ಹಿಡ್ಕೊಂಡಿರ್ತಾಳೆ."

ಮೇಡಂ ನಿಟ್ಟುಸಿರು ಬಿಟ್ಟರು. "ನೀವು ಕಳಿಸಿದ ಫೋಟೊ ನೀಲಿ ಕ್ಯಾಮೆರಾದ್ದು ಅಂತ ಮೊದಲ ದಿನವೇ ಗೊತ್ತಿತ್ತು. ಆರಿಸಿದ್ದೇ ಅದಕ್ಕೆ! ನಾಳೆಯಿಂದ ಎರಡು ಕಂಪನಿಯೂ ಒಂದೇ. ಹಳದಿಯವರ ಮನೇಲಿ ನೀಲಿ ಕ್ಯಾಮೆರಾ, ನೀಲಿಯವರ ಮನೇಲಿ ಹಳದಿ ಕ್ಯಾಮೆರಾ ಅಂತ ಜಾಹೀರಾತು." ಮೇಡಂ ನೀಲಿಯ ಕಡೆ ಕೈ ತೋರಿಸಿದರು. "ಇವರ ಮನೇಲಿರೋ ಇವರ ತಾಯಿ ಫೋಟೊ ನಮ್ಮ ಕ್ಯಾಮೆರಾದಲ್ಲಿ ತೆಗೆದದ್ದಂತೆ. ಕೇಳಿದ ತಕ್ಷಣ ಒಪ್ಪಿಕೊಂಡ್ರು. ಎರಡು ಕೌಂಟರ್ ಸೇರಿ ಒಂದಾದ್ರೆ ಇನ್‌ಚಾರ್ಜೂ ಒಬ್ಬರೇ ಅಲ್ವಾ? ಸುಳ್ಳು ಫೋಟೊ ತಯಾರಿಸಿದವರಿಗೆ ಹೇಗೆ ಕೊಡ್ಲಿ?"

"ಬೆಳಿಗ್ಗೆ ಅದನ್ನೇ ಹೇಳೋಣ ಅಂತ ಬಂದಿದ್ದೆ," ಎಂದ ನೀಲಿ ನೊಂದವನಂತೆ. "ನೀವು ಬಾಗಿಲು ಹಾಕಿದ್ರಿ."

ಟೈಲರ್ ಗಂಟು ಬಿಚ್ಚಿದ. ಹಳದಿಯೂ ನೀಲಿಯೂ ಕಲಸಿದರೆ ಬರುವ ಬಣ್ಣದ ಷರಟುಗಳು. "ಇನ್‌ಚಾರ್ಜಿಗೆ ಎರಡು ಜೇಬು, ಉಳಿದವರಿಗೆ ಒಂದು. ನಿಮಗೆ ಯಾವುದಕ್ಕೂ ಇರಲಿ ಅಂತ ಒಂದರದ್ದು ಹೊಲಿದಿಟ್ಟಿದ್ದೆ ನೋಡಿ, ಸರಿಯಾಯ್ತು."

ಗೆದ್ದ ಫೋಟೊ ತೆಗೆದವಳು ಹೆಂಡತಿಯಾದ್ದರಿಂದ ಬಹುಮಾನ ಅವಳಿಗೆ ಹೋಯಿತು: ಹೊಚ್ಚ ಹೊಸ ಕ್ಯಾಮೆರಾ. ಹಳೆಯ ದಾಸ್ತಾನು ಮುಗಿಯುವವರೆಗೆ ಕೊಡುವುದು ನೀಲಿ ಕಂಪನಿಯದನ್ನೇ. ಅವಳು ಅಲ್ಲೇ ಪೆಟ್ಟಿಗೆ ಬಿಚ್ಚಿ, "ರೀ, ಇಲ್ಲಿ ನೋಡಿ" ಎಂದಳು.

ಒಂದು ಜೇಬಿನ ಹಸಿರು ಷರಟು ತೊಟ್ಟು ನಿಂತ ಅಪ್ಪನನ್ನು ಕಂಡು ಮಗು ಹಲ್ಲು ಬಿಟ್ಟು ಕೇಕೆ ಹಾಕಿತು. ಆ ಫೋಟೊದಲ್ಲಿ ಮೇಡಂ ನಗುತ್ತಿದ್ದಾರೆ, ನೀಲಿ ನಗುತ್ತಿದ್ದಾನೆ, ಟೈಲರ್ ಕೂಡ ನಗುತ್ತಿದ್ದಾನೆ. ನಡುವೆ ಒಬ್ಬ ಮಾತ್ರ ಹುಬ್ಬು ಗಂಟಿಕ್ಕಿ, ಬಾಯಿ ಬಿಗಿಹಿಡಿದು, ಕ್ಯಾಮೆರಾವನ್ನೇ ದುರುಗುಟ್ಟಿ ನೋಡುತ್ತಿದ್ದಾನೆ. ಟಬ್ಬಿನಲ್ಲಿ ಕೂತ ಮಗಳು ಥೇಟ್ ಈ ಅಪ್ಪನ ಹಾಗೆ ಎಂದು ಟೀಚರಮ್ಮ ಈಗಲೂ ಎಲ್ಲರಿಗೂ ತೋರಿಸುವುದು ಅದನ್ನೇ.